ಗೋಳಿಬಜೆ ಪರಿಮಳದ ಕಾರು

ಈಚೆಗೆ ಪೇಪರಿನಲ್ಲಿ ‘ಬಯೋಡೀಸೆಲ್’ ಎಂಬ ಶಬ್ದ ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ಗಿಡಮರಗಳ ಬೀಜದ ಎಣ್ಣೆಯಿಂದ, ಕರಿದು ಉಳಿದ ಎಣ್ಣೆಯಿಂದ ಗಾಡಿ ಓಡಿಸಬಹುದಂತೆ! ಹೊಗೆ ಕಡಿಮೆಯಂತೆ, ಊರಿಗೂ ಒಳ್ಳೆಯದಂತೆ! ಇದನ್ನೆಲ್ಲ ಮೊದಲು ಕಂಡುಹಿಡಿದವರು ಯಾರು ಗೊತ್ತೇ? ಕಾಪುವಿನ ನಮ್ಮ ಭಾವ. ಸಾಕ್ಷಿ ಬೇಕೇ? ಅವರೇ ಹೇಳಿದ್ದಾರೆ, ಇನ್ನೇನು ಸಾಕ್ಷಿ! ಅವರ ಮಾತನ್ನು ನಂಬುವುದಾದರೆ ಕಾಪುವಿನ ದೀಪಸ್ತಂಭವನ್ನು ಯಾವ ಬಂಡೆಯ ಮೇಲೆ ಕಟ್ಟಬೇಕೆಂದು ಬ್ರಿಟಿಷರಿಗೆ ಬೆರಳು ತೋರಿಸಿದ್ದೂ ಅವರ ಅಜ್ಜನೇ.

ಭಾವ ಎಂದರೆ ನನ್ನ ಅಕ್ಕನ ಗಂಡ. ಎಪ್ಪತ್ತರ ದಶಕದಲ್ಲಿ ಕಾಪು ಪೇಟೆಯಲ್ಲಿ ಅವರದೊಂದು ಬಾಡಿಗೆ ಕಾರು ಇತ್ತು. ಕಂಪೆನಿಯವರು ಅದನ್ನು ಐದು ಜನ ಕೂರಲೆಂದು ಮಾಡಿದ್ದರು, ಪಾಪ, ಅವರಿಗೆ ನಮ್ಮ ಭಾವನ ಪರಿಚಯ ಇರಲಿಲ್ಲ. ಭಾವ ಹನ್ನೊಂದು ಮಂದಿಯನ್ನು ಅದರೊಳಗೆ ಅಡಕಿ, ಹನ್ನೆರಡನೆಯವನಿಗೆ ಬಾಗಿಲು ತೆರೆದು, “ಎಲ್ಲರೂ ಒಮ್ಮೆ ಉಸಿರು ಬಿಡಿ ಮಾರಾಯ್ರೆ, ಜಾಗ ಆಗ್ತದೆ” ಎನ್ನುತ್ತಿದ್ದರು. ತಾವು ಮಾತ್ರ ಓರೆಯಾಗಿ ಕುಳಿತು, ಯಾರದೋ ಹೊಟ್ಟೆಯ ಮೇಲಿಂದ ಸ್ಟಿಯರಿಂಗ್ ತಿರುಗಿಸುವುದು. ಉಡುಪಿ ತಲುಪುವಾಗ ಯಾರ ಕಾಲು ಯಾರದೆಂದು ಗುರುತಿಸಲು ಚಪ್ಪಲಿಯೇ ಗತಿ! ಅಂದಹಾಗೆ, ಮನೆಯಲ್ಲಿ ನಾವೆಲ್ಲ ತುಳು ಮಾತಾಡುವವರು. ಇಲ್ಲಿ ಬರುವ ಮಾತುಗಳನ್ನು ನಿಮ್ಮ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆದಿದ್ದೇನೆ. ತುಳುವಿನಲ್ಲಿ ಬರೆದಿದ್ದರೆ ಭಾವ ಇನ್ನೂ ಹೆಚ್ಚು ಬೈಗುಳ ತಿಂದದ್ದು ಗೊತ್ತಾಗುತ್ತಿತ್ತು.

ಪೆಟ್ರೋಲಿನ ಬೆಲೆ ಗಗನಕ್ಕೇರಿದಾಗ ನಮ್ಮ ಕಡೆಯ ಬಾಡಿಗೆ ಕಾರಿನವರು ಒಬ್ಬೊಬ್ಬರಾಗಿ ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದರು. ಭಾವ ಹಿಂದೆ ಬೀಳುತ್ತಾರೆಯೇ? ಎಲ್ಲಿಂದಲೋ ಒಂದು ಹಳೆಯ ಇಂಜಿನ್ ತಂದು ಕೂರಿಸಿದರು. ಅದರ ಸದ್ದಿಗೆ ಮಟ್ಟುವಿನ ಗದ್ದೆಯಲ್ಲಿ ಗುಳ್ಳ ಬದನೆ ಕೊಯ್ಯುವವರೂ ತಲೆಯೆತ್ತಿ ನೋಡುತ್ತಿದ್ದರೆಂದು ಪ್ರತೀತಿ. ಹೊಗೆಯ ಮಾತು ಕೇಳಲೇಬೇಡಿ. ಕಾರು ಹೋದ ಮೇಲೆ ಕಾಪು ಪೇಟೆ ಮತ್ತೆ ಕಾಣಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಲಾಭವೇನೋ ಆಯಿತು. ನಷ್ಟ ಆದದ್ದು ಅಕ್ಕನಿಗೆ. ನಮ್ಮ ಮನೆಯ ಹೆಂಗಸರಿಗೆ ಡೀಸೆಲ್ ವಾಸನೆ ಆಗಿಬರುವುದಿಲ್ಲ. ಅಮ್ಮನಿಗಂತೂ ಕಾರ್ಕಳದ ಬಸ್ ಸ್ಟ್ಯಾಂಡ್ ದೂರದಿಂದ ಕಂಡರೇ ತಲೆ ತಿರುಗುತ್ತಿತ್ತು. ಅಕ್ಕನೂ ಹಾಗೆಯೇ. ಮದುವೆಯಾಗಿ ಕಾಪುವಿಗೆ ಬಂದದ್ದು ಇದೇ ಕಾರಿನಲ್ಲಿ, ಆಗ ಅದು ಪೆಟ್ರೋಲ್ ಕುಡಿಯುತ್ತಿತ್ತು. ಡೀಸೆಲ್ ಇಂಜಿನ್ ಬಂದ ಮೇಲೆ ಒಮ್ಮೆ ತವರಿಗೆಂದು ಹೊರಟಳು. ಪಡುಬಿದ್ರಿಗೆ ಮುಟ್ಟುವಾಗ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂದಿತ್ತು. ಕಾರ್ಕಳಕ್ಕೆ ಮುಟ್ಟಿದವಳನ್ನು ನಾವು ಎತ್ತಿ ಇಳಿಸಿದೆವು. ಎರಡು ದಿನ ಮಲಗಿ, ಮೂರನೆಯ ದಿನ ಎದ್ದು ಕೂತು, ಒಂದು ಲೋಟ ಗಂಜಿ ಕುಡಿಯುವಷ್ಟರಲ್ಲಿ ಹಿಂದೆ ಹೋಗುವ ಹೊತ್ತಾಯಿತು. ಅಮ್ಮ ಅಳುತ್ತಾ, “ನೀನಿನ್ನು ಬರುವುದು ಬೇಡ ಮಗಾ, ನಿನ್ನನ್ನು ಹೀಗೆ ನೋಡ್ಲಿಕ್ಕೆ ನನ್ನಿಂದಾಗುವುದಿಲ್ಲ” ಎಂದರು.

ಕಾಪುವಿನಿಂದ ಕಾರ್ಕಳಕ್ಕೆ ದೂರವೇನು ಮಹಾ? ಒಂದು ಗಂಟೆಯ ದಾರಿ. ಆದರೆ ತಾಯಿ ಮಗಳು ವರ್ಷಗಟ್ಟಲೆ ಮುಖ ನೋಡಲಿಲ್ಲ. ಸಮಾಚಾರವೆಲ್ಲ ಭಾವನ ಮೂಲಕ. ಇಲ್ಲಿಂದ ಗುಳ್ಳ ಹೋಗುತ್ತಿತ್ತು, ಅಲ್ಲಿಂದ ಹಪ್ಪಳ ಬರುತ್ತಿತ್ತು, ನಡುವೆ ಮಾತುಗಳು ಹಾಳಾಗುತ್ತಿದ್ದವು. ಅಮ್ಮ, “ಮೆಂತೆ ಅರೆದು ತಲೆಗೆ ಹಚ್ಚಲಿಕ್ಕೆ ಹೇಳಿ” ಎಂದರೆ ಭಾವ ದಾರಿಯಲ್ಲಿ ಹನ್ನೊಂದು ಮಂದಿಯ ಜತೆ ರಾಜಕೀಯ ಮಾತಾಡಿ, ಮನೆಗೆ ಬಂದು “ಮೆಂತೆ ಅರೆದು ಕುಡಿಯಬೇಕಂತೆ” ಎನ್ನುತ್ತಿದ್ದರು. ಅಕ್ಕ ಕುಡಿದು ಮುಖ ಕಿವುಚುತ್ತಿದ್ದಳು.

“ಬೇರೆ ಯಾರದ್ದಾದ್ರೂ ಪೆಟ್ರೋಲ್ ಕಾರು ಮಾಡಿಕೊಂಡು ಬಾ ಅಕ್ಕ” ಎಂದು ಒಮ್ಮೆ ಕಾಪುವಿಗೆ ಹೋದಾಗ ನಾನು ಬುದ್ಧಿ ಹೇಳಿದೆ. ಅಕ್ಕ ನನ್ನನ್ನು ಸುಡುವ ಹಾಗೆ ನೋಡಿದಳು.

“ಕಾರಿನವರ ಹೆಂಡತಿ ಇನ್ನೊಬ್ಬರ ಕಾರಲ್ಲಿ ತವರಿಗೆ ಹೋದ್ರೆ, ಅತ್ತೆ ಇನ್ನೊಬ್ಬರ ಕಾರಲ್ಲಿ ಇಲ್ಲಿಗೆ ಬಂದ್ರೆ, ಇವರಿಗೆ ಮರುದಿನ ಸ್ಟ್ಯಾಂಡಲ್ಲಿ ಕಾರು ನಿಲ್ಲಿಸ್ಲಿಕ್ಕುಂಟಾ? ಎಂತ ಮಾತಾಡ್ತಿ ನೀನು!”

ಗಂಡನಿಗೆ ತಕ್ಕ ಹೆಂಡತಿ. ಭಾವನೂ ಅಷ್ಟೇ. ಮತ್ತೆ ಪೆಟ್ರೋಲ್ ಇಂಜಿನ್ ಹಾಕಿಸಿ ಎಂದರೆ, “ಹಾಕಿದ ಇಂಜಿನ್ ಕಿತ್ತರೆ ನಾನು ತಪ್ಪು ಮಾಡಿದೆ ಅಂತ ಊರಿಗೆಲ್ಲ ಡಂಗುರ ಹೊಡೆದ ಹಾಗೆ ಅಲ್ವಾ? ನೋಡ್ತಾ ಇರು, ಇದೇ ಇಂಜಿನ್ ಇಟ್ಟುಕೊಂಡು, ವಾಸನೆ ಇಲ್ಲದ ಡೀಸೆಲ್ ಮಾಡಿ, ನಿನ್ನ ಅಕ್ಕನನ್ನು ಕಾರ್ಕಳಕ್ಕೆ ಕರ್ಕೊಂಡು ಬರ್ತೇನೆ” ಎಂದರು. ಡೀಸೆಲ್ ಏನು, ಮಜ್ಜಿಗೆಯೇ, ಮನೆಯಲ್ಲಿ ಮಾಡಲು? ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇದು ಡೀಸೆಲ್ ಖರ್ಚು ಉಳಿಸುವ ಉಪಾಯ, ಅಕ್ಕನ ಹೆಸರು ಬರೀ ನೆಪ ಎಂದು ನಾವೆಲ್ಲ ತೀರ್ಮಾನಿಸಿದೆವು.

ಆದರೆ ಡೀಸೆಲ್ ಇಂಜಿನ್ ಎಣ್ಣೆ ಕುಡಿದು ಓಡುವುದು ಸುಳ್ಳಲ್ಲ. ಅದು ಹುಟ್ಟಿದ ಹೊಸದರಲ್ಲೇ ಪರದೇಶದಲ್ಲಿ ಯಾರೋ ನೆಲಗಡಲೆ ಎಣ್ಣೆ ಹಾಕಿ ಓಡಿಸಿ ತೋರಿಸಿದ್ದರಂತೆ. ಭಾವನಿಗೆ ಈ ಸಂಗತಿ ಕಾರಿನಲ್ಲಿ ಬಂದ ಯಾವನೋ ಇಂಜಿನಿಯರನಿಂದ ಗೊತ್ತಾಯಿತು. ಆ ಇಂಜಿನಿಯರ್ ಮಾತು ಮುಗಿಸಿ ಉಡುಪಿಯಲ್ಲಿ ಇಳಿದುಹೋದ. ಅನುಭವಿಸಿದವರು ನಾವು!

ಮೊದಲು ತೆಂಗಿನೆಣ್ಣೆ. ಅಕ್ಕ ಗಾಣದಿಂದ ತರಿಸಿಟ್ಟ ಡಬ್ಬಿ ಪೂರ್ತಿ ಟ್ಯಾಂಕಿಗೆ ಹೋಯಿತು. ಕಾರು ಓಡಿತು! ಭಾವ ಒಬ್ಬರೇ ಕಾರ್ಕಳಕ್ಕೆ ಬಂದು, ಹೊಗೆಯ ನಳಿಗೆಯ ಹತ್ತಿರ ನನ್ನ ಮೂಗು ಹಿಡಿಸಿ, “ಹೇಳು, ಡೀಸೆಲ್ ವಾಸನೆ ಉಂಟಾ?” ಎಂದರು. ಇರಲಿಲ್ಲ. ತಲೆಗೆ ಎಣ್ಣೆ ಹಾಕಿಕೊಂಡ ಅಜ್ಜಿಯೊಬ್ಬಳು ಪಕ್ಕದಲ್ಲಿ ನಿಂತ ಹಾಗಿತ್ತು. ಆ ರಾತ್ರಿ ನಮ್ಮಲ್ಲೇ ಉಳಿದರು. ಡಿಸೆಂಬರ್ ತಿಂಗಳು. ಕಾಪುವಿನ ಕಡಲ ಬದಿಯಲ್ಲಿ ಬೆಚ್ಚಗಿದ್ದವರಿಗೆ ಘಟ್ಟದ ಬುಡದ ಕಾರ್ಕಳದ ಚಳಿ ಏನು ಗೊತ್ತು? ಬೆಳಿಗ್ಗೆ ನಮ್ಮ ಬಚ್ಚಲಿನ ಎಣ್ಣೆ ಕುಡಿಕೆ ಬೆಣ್ಣೆಯಂತೆ ಗಟ್ಟಿಯಾಗಿತ್ತು. ಕಾರಿನ ಟ್ಯಾಂಕಿಯೂ!

ಭಾವ ಕಾರಿನ ಅಡಿಗೆ ನುಗ್ಗಿದರು. ಅಮ್ಮ ಹಂಡೆಗೆ ಬೆಂಕಿ ಹಾಕಿದರು. ನಾನು ಕೊಡಪಾನದಲ್ಲಿ ಬಿಸಿನೀರು ತಂದು ತಂದು ಟ್ಯಾಂಕಿಯ ಹೊರಮೈಗೆ ಎರೆದೆ. ಕಾರಿನ ದೀಪಾವಳಿ ಎಣ್ಣೆಸ್ನಾನವನ್ನು ನೋಡಲು ಓಣಿಯೇ ಸೇರಿತು. ಅಮ್ಮ ಎಲ್ಲ ನೋಡಿ ನಿಧಾನವಾಗಿ ಕೇಳಿದರು: “ಅಳಿಯಂದಿರೇ, ನನ್ನ ಮಗಳು ಇದರೊಳಗೆ ಇದ್ದಿದ್ದರೆ ಅವಳಿಗೂ ಹೀಗೇ ಬಿಸಿನೀರು ಎರೆಯಬೇಕಿತ್ತಾ?”

ಭಾವ ಅತ್ತೆಗೆ ಎದುರು ಮಾತಾಡುವವರಲ್ಲ. ಮಾತಾಡದೆಯೇ ಹೋಗಿ ಮೀನೆಣ್ಣೆ ಹಿಡಿದರು.

ಕಾಪುವಿನಲ್ಲಿ ದೋಣಿಗೆ ಬಳಿಯಲು ಬೂತಾಯಿ ಮೀನಿನ ಎಣ್ಣೆ ಇಟ್ಟುಕೊಳ್ಳುತ್ತಾರೆ. ಮರಕ್ಕೆ ಹುಳ ಹಿಡಿಯುವುದಿಲ್ಲ, ಮನುಷ್ಯನಿಗೆ ಹತ್ತಿರ ನಿಲ್ಲಲಿಕ್ಕಾಗುವುದಿಲ್ಲ. ದೋಣಿಯ ಗೆಳೆಯರೊಬ್ಬರು ಎರಡು ಡಬ್ಬಿ ಕೊಟ್ಟರು. ಚಳಿಗೆ ಗಟ್ಟಿಯಾಗದ ಎಣ್ಣೆ ಎಂಬುದು ಭಾವನ ಸಂಶೋಧನೆ. ಅದನ್ನು ಹಾಕಿದ ದಿನವೇ ಉಡುಪಿಗೆ ಪೂಜೆಗೆ ಹೊರಟ ಭಟ್ಟರೊಬ್ಬರು ಮಡಿಪಂಚೆ ಉಟ್ಟು ಕಾರು ಹತ್ತಬೇಕೇ! ಸ್ವಲ್ಪ ದೂರ ಹೋಗುವಾಗ ಭಟ್ಟರು ಮೂಗು ಅರಳಿಸಿದರು. ಇನ್ನೂ ಸ್ವಲ್ಪ ದೂರ ಹೋಗುವಾಗ ಪಂಚೆಯ ಅಂಚಿನಿಂದ ಮೂಗು ಮುಚ್ಚಿದರು.

“ಮಾರಾಯ್ರೆ, ನಿಮ್ಮ ಕಾರಲ್ಲಿ ಮೀನಿನ ಬುಟ್ಟಿ ಉಂಟಾ?”

“ಛೆ ಛೆ, ಇಲ್ಲ ಭಟ್ರೆ. ನೀವಿರುವಾಗ ಮೀನು ಹಾಕ್ತೇನಾ?”

“ಮತ್ತೆ ಇದೆಂತ?”

“ಸ್ವಲ್ಪ ಎಣ್ಣೆ ಅಷ್ಟೆ. ಇಂಜಿನ್ ಕುಡಿಯುವುದು, ನಾವಲ್ಲ.”

ಭಟ್ಟರು ಬನ್ನಂಜೆಯಲ್ಲೇ ಇಳಿದು, ಉಳಿದ ದಾರಿಯನ್ನು ನಡೆದೇ ಹೋಗಿ, ಮೊದಲು ಕೆರೆಯಲ್ಲಿ ಮುಳುಗೆದ್ದರಂತೆ. ಕಾರು ನಿಂತಲ್ಲೆಲ್ಲ ಬೆಕ್ಕುಗಳು ಬಂದು ಕೂರತೊಡಗಿದವು. ಮೇಲೆ ಕಾಗೆಗಳು! ಅಕ್ಕ ಮೀನು ತಿನ್ನುವವಳೇ, ಬೂತಾಯಿಯ ಪುಳಿಮುಂಚಿ ಸಾರು ಅವಳ ಹಾಗೆ ಮಾಡುವವರಿಲ್ಲ. ಅವಳೂ ಕಾರನ್ನು ಅಂಗಳದೊಳಗೆ ತರಲು ಬಿಡಲಿಲ್ಲ. “ಡೀಸೆಲೇ ವಾಸಿ” ಎಂದುಬಿಟ್ಟಳು. ಭಾವನಿಗೆ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ.

ಆಮೇಲೆ ಭಾವನ ಕಣ್ಣು ಉಡುಪಿಯ ಹೋಟೆಲುಗಳ ಮೇಲೆ ಬಿತ್ತು. ಗೋಳಿಬಜೆ, ಅಂಬಡೆ ಕರಿದು ಉಳಿದ ಎಣ್ಣೆ ಸಿಗಬಹುದೆಂಬ ಆಸೆ. ಒಂದು ಹೋಟೆಲಿನ ಯಜಮಾನರು ಆಶ್ಚರ್ಯದಿಂದ, “ಉಳಿದ ಎಣ್ಣೆಯಾ? ಎಣ್ಣೆ ಉಳಿಯುವುದೆಂದರೆ ಎಂತದು?” ಎಂದು ಕೇಳಿದರಂತೆ. ಅವರ ಬಾಣಲೆಗೆ ಅವರ ತಂದೆ ಹಾಕಿದ ಎಣ್ಣೆಯೇ ಇನ್ನೂ ಇತ್ತೆಂದು ಕಾಣುತ್ತದೆ! ಕೊನೆಗೆ ಬನ್ನಂಜೆಯ ಸಣ್ಣ ಹೋಟೆಲೊಂದರವರು, ಗಿರಾಕಿಗಳು ಕೆಮ್ಮುತ್ತಾರೆಂಬ ಕಾರಣಕ್ಕೆ, ಬಾಣಲೆ ಖಾಲಿ ಮಾಡಿಕೊಟ್ಟರು. ಭಾವ ಅದನ್ನು ಅಕ್ಕನ ಹಳೆಯ ಸೀರೆಯಲ್ಲಿ ಸೋಸಿ ಟ್ಯಾಂಕಿಗೆ ಹೊಯ್ದರು.

ಆ ಪರಿಮಳವನ್ನು ಹೇಗೆ ವರ್ಣಿಸಲಿ? ಕಾರು ಮುಂದೆ ಹೋದರೆ ಹಿಂದೆ ಗೋಳಿಬಜೆಯ ಅಂಗಡಿ ಹೋದ ಹಾಗೆ. ಕಾರಿನಲ್ಲಿ ಕೂತವರಿಗೆಲ್ಲ ಹಸಿವು. ಪಡುಬಿದ್ರಿ ಮುಟ್ಟುವಷ್ಟರಲ್ಲಿ ಹನ್ನೊಂದು ಮಂದಿಯೂ ಒಟ್ಟಿಗೆ, “ಇಲ್ಲೊಂದು ಚಾ ಕುಡಿಯುವ” ಎನ್ನುತ್ತಿದ್ದರು. ಅಕ್ಕ ಅಂಗಳದಲ್ಲಿ ನಿಂತು ಉಸಿರೆಳೆದು ನೋಡಿದಳು. ವಾಕರಿಕೆ ಬರಲಿಲ್ಲ! ಆ ದಿನ ಭಾವ ಪೇಟೆಯಲ್ಲಿ ಎಲ್ಲರಿಗೂ ಚಾ ಕೊಡಿಸಿದರು, ಅದು ಕಾಪುವಿನ ಚರಿತ್ರೆಯಲ್ಲೇ ಮೊದಲು. ಮುಂದಿನ ಭಾನುವಾರ ಅಕ್ಕ ತವರಿಗೆ ಹೊರಡುವುದೆಂದು ಗೊತ್ತಾಯಿತು. ಆದರೆ ವಾರ ಕಳೆಯುವುದರೊಳಗೆ ಇಂಜಿನ್ ಕೆಮ್ಮಿ, ಬಿಕ್ಕಳಿಸಿ, ಬೆಳ್ಮಣ್ಣಿನ ಹತ್ತಿರ ನಿಂತೇಬಿಟ್ಟಿತು. ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಎಣ್ಣೆ ಚಿಮ್ಮುವ ತೂತುಗಳಲ್ಲೆಲ್ಲ ಕರಿ ಕಟ್ಟಿಕೊಂಡಿತ್ತು. “ಒಂದೋ ಕಾರು ಓಡಿಸಿ, ಇಲ್ಲ ಬಜೆ ಕರೀರಿ. ಎರಡೂ ಒಂದೇ ಬಾಣಲೆಯಲ್ಲಿ ಆಗುವುದಿಲ್ಲ” ಎಂದು ಅವನು ಕೈಮುಗಿದ.

ಈ ನಡುವೆ ಅಮ್ಮನ ಎರಡು ಕಣ್ಣಿಗೂ ಪೊರೆ ಬರತೊಡಗಿತು. ಆಪರೇಶನ್ ಎಂದರೆ ಅಮ್ಮನಿಗೆ ಹೆದರಿಕೆ. “ಆಮೇಲೆ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಮೊದಲು ಒಮ್ಮೆ ಅವಳ ಮುಖ ನೋಡಬೇಕು” ಎಂದು ಹಟ ಹಿಡಿದರು. ಅಕ್ಕ, “ಸತ್ತರೂ ಅಡ್ಡಿಯಿಲ್ಲ, ಬಸ್ಸಿನಲ್ಲೇ ಬರ್ತೇನೆ” ಎಂದು ಹೇಳಿಕಳಿಸಿದಳು. ಅಮ್ಮ, “ಬಂದರೆ ಬಾಗಿಲು ತೆಗೆಯುವುದಿಲ್ಲ” ಎಂದು ಹೇಳಿಕಳಿಸಿದರು. ಈ ಎರಡು ಮಾತನ್ನು ಮಾತ್ರ ಭಾವ ಒಂದಕ್ಷರವೂ ತಪ್ಪದೆ ಮುಟ್ಟಿಸಿದರು.

ಒಂದು ದಿನ ಅವರು ನನ್ನನ್ನು ಎಳೆದುಕೊಂಡು ಮಣಿಪಾಲಕ್ಕೆ ಹೊರಟರು. ಅಲ್ಲಿನ ಕಾಲೇಜೊಂದರಲ್ಲಿ ನನ್ನ ಗುರುತಿನ ಕೆಮಿಸ್ಟ್ರಿ ಲೆಕ್ಚರರ್ ಇದ್ದರು. ಮನುಷ್ಯ ಒಳ್ಳೆಯವರು, ಆದರೆ ಬಾಯಿ ತೆರೆದರೆ ಗಂಟೆ ಹೊಡೆದಲ್ಲದೆ ಮುಚ್ಚುತ್ತಿರಲಿಲ್ಲ. ಅವರು ಹೇಳಿದ್ದರ ಸಾರ ಇಷ್ಟು: ಎಣ್ಣೆ ದಪ್ಪ, ಅದಕ್ಕೇ ಇಂಜಿನ್ನಿನಲ್ಲಿ ಪೂರ್ತಿ ಉರಿಯದೆ ಕರಿ ಕಟ್ಟುವುದು. ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ನೀರಿನ ಪಸೆ ಹೋಗಿಸಬೇಕು. ಸ್ಪಿರಿಟ್‌ನಲ್ಲಿ ಕಾಸ್ಟಿಕ್ ಸೋಡಾ ಕರಗಿಸಿ ಅದಕ್ಕೆ ಬೆರೆಸಿ ಕಲಕಬೇಕು. ಆಮೇಲೆ ಸುಮ್ಮನೆ ಬಿಟ್ಟರೆ ಮಂದವಾದ ಗ್ಲಿಸರಿನ್ ಅಡಿಗಿಳಿದು, ಮೇಲೆ ತೆಳುವಾದ ಎಣ್ಣೆ ನಿಲ್ಲುತ್ತದೆ. ಅದು ಡೀಸೆಲ್ಲಿನ ಹಾಗೆಯೇ ಉರಿಯುತ್ತದೆ.

“ಒಂದೇ ಒಂದು ಎಚ್ಚರಿಕೆ. ನೀರು ಸೋಕಬಾರದು. ನೀರು ತಾಗಿತೋ, ಎಲ್ಲ ಸೋಪು!” ಎಂದರು ಲೆಕ್ಚರರ್.

“ನೀರು ಸೋಕಬಾರದು” ಎಂದು ಭಾವ ದಾರಿಯುದ್ದಕ್ಕೂ ಮಂತ್ರದ ಹಾಗೆ ಜಪಿಸಿದರು.

ಮುಂದಿನ ಭಾನುವಾರ ಕಾಪುವಿನ ಅಂಗಳದಲ್ಲಿ ಡ್ರಮ್ಮು ಇಟ್ಟು ಹೋಟೆಲಿನ ಎಣ್ಣೆ ಕಾಯಿಸಿ ಆರಿಸಿದರು. ಡ್ರಮ್ಮನ್ನು ಒರೆಸಿದ್ದೇನು, ಬಿಸಿಲಿಗೆ ಒಣಗಿಸಿದ್ದೇನು! ಅಕ್ಕ ಕೊಡಪಾನ ಹಿಡಿದು ಆಚೆ ಹೋದರೂ, “ದೂರ! ದೂರ!” ಎಂದು ಕೂಗುತ್ತಿದ್ದರು. ಸ್ಪಿರಿಟ್, ಸೋಡಾ ಎಲ್ಲ ಸಿದ್ಧವಾಯಿತು. ಇನ್ನು ಹೊಯ್ಯಬೇಕು. ಒಳ್ಳೆಯ ಕೆಲಸವನ್ನು ಹಾಗೆಯೇ ಸುರು ಮಾಡಲಿಕ್ಕಾಗುತ್ತದೆಯೇ? ಭಾವ ಗಣಪತಿಯನ್ನು ನೆನೆದು, ಒಂದು ದೊಡ್ಡ ತೆಂಗಿನಕಾಯಿ ತೆಗೆದುಕೊಂಡು, ಡ್ರಮ್ಮಿನ ಬಾಯಿಗೇ ಹೊಡೆದು ಒಡೆದರು! ಕಾಯಿ ಚೆನ್ನಾಗಿ ಎರಡು ಹೋಳಾಯಿತು. ಒಳಗಿನ ನೀರು ಪೂರ್ತಿ ಡ್ರಮ್ಮಿಗೆ. ಸಾಲದ್ದಕ್ಕೆ ದೇವಸ್ಥಾನದಿಂದ ತಂದ ಒಂದು ಚೊಂಬು ತೀರ್ಥವನ್ನೂ ಪ್ರೋಕ್ಷಿಸಿದರು.

“ಭಾವಾ! ನೀರು!” ಎಂದು ನಾನು ಕಿರುಚಿದೆ.

“ಅದು ನೀರಲ್ಲ ಮಾರಾಯ, ತೀರ್ಥ. ಕಾಯಿಯ ನೀರು ದೇವರದ್ದು. ಅದರಿಂದ ಎಂತ ಆಗ್ತದೆ?”

ಸೋಡಾ ಹೊಯ್ದು ಕಲಕಿದ್ದೇ ತಡ, ಸೋಪಾಯಿತು. ಇಡೀ ಡ್ರಮ್ಮು ಸೋಪು! ಕಂದು ಬಣ್ಣದ, ಗೋಳಿಬಜೆ ಪರಿಮಳದ ಸೋಪು. ಕೋಲು ಊರಿದರೆ ಕೋಲು ನೆಟ್ಟಗೆ ನಿಂತಿತು. ಲೆಕ್ಚರರಿಗೆ ವಿಷಯ ತಿಳಿಸಿದಾಗ ಅವರು, “ತೀರ್ಥ ಅಂತ ಕಾಸ್ಟಿಕ್ ಸೋಡಾಕ್ಕೆ ಗೊತ್ತಾಗ್ಲಿಕ್ಕಿಲ್ಲ” ಎಂದರು. ಭಾವ ಹತಾಶರಾಗಲಿಲ್ಲ. ಸೋಪನ್ನು ಕತ್ತಿಯಲ್ಲಿ ಕೊಯ್ದು ನೆರೆಮನೆಗಳಿಗೆ ಹಂಚಿದರು. ಆ ವರ್ಷ ನಮ್ಮ ಅಕ್ಕನ ಕೇರಿಯಲ್ಲಿ ಎಲ್ಲರ ಬಟ್ಟೆಗೂ ಒಂದೇ ವಾಸನೆ. ಶಾಲೆಯಲ್ಲಿ ಮಕ್ಕಳು ಪಕ್ಕದವರ ಅಂಗಿ ಮೂಸುತ್ತಾರೆಂದು ದೂರು ಬಂತಂತೆ.

“ಇನ್ನಾದರೂ ಬಿಡಿ ಭಾವ. ಸೋಪಿನ ಅಂಗಡಿ ಹಾಕಿ” ಎಂದೆ.

ಭಾವ ಡ್ರಮ್ಮು ತೊಳೆಯುತ್ತಾ ಕೂತಿದ್ದರು. ಕೈಯಲ್ಲೆಲ್ಲ ಸೋಡಾ ಸುಟ್ಟ ಗಾಯ. “ಅತ್ತೆಯ ಕಣ್ಣು ಎಷ್ಟು ದಿನ ಕಾಯ್ತದೆ ಹೇಳು” ಎಂದರು, ಅಷ್ಟೆ.

ಎರಡನೆಯ ಸಲ ತೆಂಗಿನಕಾಯಿಯನ್ನು ಹೊಸ್ತಿಲಲ್ಲಿ ಒಡೆದರು. ಈ ಸಲ ಅಡಿಗೆ ಗ್ಲಿಸರಿನ್ ಇಳಿಯಿತು, ಮೇಲೆ ಜೇನಿನ ಬಣ್ಣದ ಎಣ್ಣೆ ನಿಂತಿತು. ಪೂರ್ತಿ ಸರಿಯಾಗಿತ್ತೆಂದು ಹೇಳಲಾರೆ. ಅರ್ಧ ಲೆಕ್ಚರರ್ ಹೇಳಿದಂತೆ, ಉಳಿದರ್ಧ ಭಾವನಿಗೆ ತೋಚಿದಂತೆ. ಓಡತೊಡಗಿದ ಮೇಲೆ ಕಾರು ಚೆನ್ನಾಗಿ ಓಡುತ್ತಿತ್ತು, ಆದರೆ ತಣ್ಣಗಾದ ಇಂಜಿನ್ ಆ ಎಣ್ಣೆಯಲ್ಲಿ ಸುಲಭಕ್ಕೆ ಹಿಡಿಯುತ್ತಿರಲಿಲ್ಲ. ಸ್ವಲ್ಪ ಡೀಸೆಲ್ ಹಾಕಿದರೆ ಹಿಡಿಯುತ್ತಿತ್ತು. ಅದನ್ನು ಹಾಕುವ ಹಾಗಿಲ್ಲವಲ್ಲ! ಟ್ಯಾಂಕಿ, ಪೈಪು, ಸೀಟು ಎಲ್ಲವನ್ನೂ ತೊಳೆದು ತೊಳೆದು ಭಾವ ಆ ವಾಸನೆ ಓಡಿಸಿದ್ದರು, ಹಂಚಿ ಉಳಿದ ಸೋಪೆಲ್ಲ ಅದಕ್ಕೇ ಖರ್ಚಾಗಿತ್ತು.

ಹೊರಡುವ ದಿನ ಬೆಳಿಗ್ಗೆ ಎಣ್ಣೆಯನ್ನು ಒಲೆಯಲ್ಲಿ ಬಿಸಿ ಮಾಡಿ ಹೊಯ್ದು, ಇಂಜಿನ್ನಿಗೆ ಬಿಸಿನೀರಿನ ಶಾಖ ಕೊಟ್ಟು, ದೋಣಿ ನೂಕುವ ಗೆಳೆಯರನ್ನೆಲ್ಲ ಕರೆಸಿ, ಕಾರನ್ನು ಪೇಟೆಯಿಡೀ ನೂಕಿಸಿದರಂತೆ. ಕೊನೆಗೊಮ್ಮೆ ಅದು ಹಿಡಿಯಿತು. ಅಕ್ಕನನ್ನು ಕೂರಿಸಿಕೊಂಡು ಹೊರಟವರು ಎಲ್ಲೂ ನಿಲ್ಲಿಸಲಿಲ್ಲ. ದಾರಿಯಲ್ಲಿ ಕೈ ಅಡ್ಡ ಹಿಡಿದ ಪೋಲೀಸರಿಗೂ ನಿಲ್ಲಿಸದೆ, “ಬರುವಾಗ ಸಿಗ್ತೇನೆ ಸಾರ್!” ಎಂದು ಕೂಗಿ ಬಂದರಂತೆ. ಹಿಂದಿನ ಸೀಟಿನಲ್ಲಿ ಅಕ್ಕ ಒಬ್ಬಳೇ. ಆ ಕಾರಿನಲ್ಲಿ ಅಷ್ಟು ಜಾಗ ಇದೆಯೆಂದು ಅವಳಿಗೆ ಆ ದಿನವೇ ಗೊತ್ತಾದದ್ದು.

ಕಾರು ನಮ್ಮ ಅಂಗಳಕ್ಕೆ ಬಂತು. ಅಕ್ಕ ಇಳಿದಳು. ಯಾರೂ ಎತ್ತಿ ಇಳಿಸಬೇಕಾಗಲಿಲ್ಲ. ಮುಡಿದ ಮಲ್ಲಿಗೆಯೂ ಬಾಡಿರಲಿಲ್ಲ. ಅಮ್ಮ ತಡವರಿಸುತ್ತಾ ಬಂದು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಹತ್ತಿರದಿಂದ ನೋಡಿದರು.

“ವಾಂತಿ ಆಯಿತಾ ಮಗಾ?”

“ಇಲ್ಲ ಅಮ್ಮ.”

“ತಲೆ ತಿರುಗ್ತದಾ?”

“ಇಲ್ಲ. ಹಸಿವಾಗ್ತದೆ. ಕಾಪುವಿನಿಂದ ಇಲ್ಲಿಯವರೆಗೆ ಬಜೆಯ ಪರಿಮಳ, ತಿನ್ಲಿಕ್ಕೆ ಮಾತ್ರ ಒಂದೂ ಇಲ್ಲ!”

ಇಬ್ಬರೂ ನಕ್ಕರು, ಅತ್ತರು, ಮತ್ತೆ ನಕ್ಕು ಒಳಗೆ ಹೋದರು. ಭಾವ ಮಾತ್ರ ಕಾರಿನಿಂದ ಇಳಿಯಲಿಲ್ಲ. ಇಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ನಾನು ಹತ್ತಿರ ಹೋದೆ.

“ಬಂದ್ ಮಾಡಿ ಬನ್ನಿ ಭಾವ, ಊಟ ಮಾಡುವ.”

“ಬಂದ್ ಮಾಡಿದ್ರೆ ಮತ್ತೆ ಹಿಡಿಯುವುದಿಲ್ಲ ಮಾರಾಯ. ಇಲ್ಲಿ ದೋಣಿಯವರ ಹಾಗೆ ನೂಕುವವರು ಯಾರುಂಟು? ಡೀಸೆಲ್ ಹಾಕಬೇಕಾಗ್ತದೆ. ಹೋಗುವಾಗ ಅವಳಿಗೆ ವಾಸನೆ ಬಂದ್ರೆ ಇನ್ನೊಮ್ಮೆ ಬರ್ಲಿಕ್ಕೆ ಹೆದರ್ತಾಳೆ.”

“ಎಷ್ಟು ಹೊತ್ತು ಹೀಗೇ ಎಕ್ಸಿಲರೇಟರ್ ಒತ್ತಿಕೊಂಡು ಕೂರ್ತೀರಿ?”

“ಅವರ ಮಾತು ಮುಗಿಯುವವರೆಗೆ.”

“ನಮ್ಮ ಅಮ್ಮನ ಮಾತು ನಿಮಗೆ ಗೊತ್ತುಂಟಲ್ಲ?”

“ಗೊತ್ತುಂಟು. ಅದಕ್ಕೇ ಟ್ಯಾಂಕಿ ತುಂಬಿಸಿಕೊಂಡು ಬಂದದ್ದು.”

ನನ್ನ ಬಾಯಲ್ಲಿ ಒಂದು ಕುಹಕ ಸಿದ್ಧವಾಗಿಯೇ ಇತ್ತು. ಅದು ಹೊರಗೆ ಬರಲಿಲ್ಲ. ಆ ಉರಿಬಿಸಿಲಿನಲ್ಲಿ, ಸುಟ್ಟ ಕೈಗಳಿಂದ ಸ್ಟಿಯರಿಂಗ್ ಹಿಡಿದು, ಬೆವರು ಸುರಿಸುತ್ತಾ ಕೂತ ಆ ಮನುಷ್ಯನ ಮೇಲೆ ನನಗೆ ಬಂದ ಪ್ರೀತಿಯನ್ನು ಹೇಗೆ ಹೇಳಲಿ? ಒಡಹುಟ್ಟಿದವರ ಮೇಲೂ ಅಷ್ಟು ಬಂದಿರಲಿಲ್ಲ.

“ಸರಿಯಿರಿ ಭಾವ. ನಾನು ಒತ್ತಿ ಹಿಡಿಯುತ್ತೇನೆ. ನೀವು ಒಳಗೆ ಹೋಗಿ” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು, ತಮಾಷೆಯೋ ಎಂದು. ಆಮೇಲೆ ಮೆಲ್ಲನೆ ಸರಿದು ಜಾಗ ಕೊಟ್ಟರು. “ಹದವಾಗಿ ಒತ್ತು. ಕಾಲು ಬಿಟ್ರೆ ನಿಲ್ತದೆ. ಬಿಡಬೇಡ, ಆಯ್ತಾ?” ಎಂದು ಎರಡು ಸಲ ಹೇಳಿ, ಎರಡು ಸಲ ತಿರುಗಿ ನೋಡಿ ಒಳಗೆ ಹೋದರು.

ಅಮ್ಮ ಅಳಿಯನಿಗೆ ಎಲೆ ಹಾಕುವ ಸದ್ದು ಕೇಳಿಸಿತು. ಇನ್ನೂ ಒಂದು ಸೌಟು ಬಡಿಸುವ, ಬೇಡ ಎನ್ನುವ ಗಲಾಟೆ ಕೇಳಿಸಿತು. ಆಮೇಲೆ ಏನೋ ಮಾತಿಗೆ ಅಕ್ಕ ಜೋರಾಗಿ ನಕ್ಕಳು. ಆ ನಗುವನ್ನು ನಮ್ಮ ಮನೆಯಲ್ಲಿ ಕೇಳದೆ ಎಷ್ಟು ವರ್ಷವಾಗಿತ್ತು! ಮಧ್ಯಾಹ್ನ ಕಳೆಯಿತು, ಬಿಸಿಲು ಇಳಿಯಿತು, ಒಳಗಿನ ಮಾತು ಮುಗಿಯಲಿಲ್ಲ. ನನ್ನ ಕಾಲು ಜೋಮು ಹಿಡಿದಿತ್ತು. ನಾನು ಬಿಡಲಿಲ್ಲ.